ಮನೆಗೆ ಎಷ್ಟು ಬ್ಯಾಕಪ್ ಬೇಕು? ಮೊದಲು ಫ್ಯಾನ್ ನೋಡಿ, ಆಮೇಲೆ ಬ್ಯಾಟರಿ

ಯುಪಿಎಸ್ ಕೊಳ್ಳಲು ಅಂಗಡಿಗೆ ಹೋದರೆ ಸಾಮಾನ್ಯವಾಗಿ ಮೊದಲು ಎದುರಾಗುವ ಪ್ರಶ್ನೆ, "ಮನೆಯಲ್ಲಿ ಎಷ್ಟು ರೂಮ್ ಇದೆ ಸಾರ್?" ಎರಡು ರೂಮ್ ಎಂದರೆ 900 ವಿಎ ಇನ್ವರ್ಟರ್, 150 ಎಎಚ್ (ಆಂಪಿಯರ್-ಅವರ್) ಬ್ಯಾಟರಿ. ಮೂರು ಎಂದರೆ ಅದಕ್ಕಿಂತ ಒಂದು ಸೈಜ್ ದೊಡ್ಡದು. ಹೀಗೆ ಇಪ್ಪತ್ತು-ಇಪ್ಪತ್ತೈದು ಸಾವಿರ ಕೊಟ್ಟು ತಂದ ಸೆಟ್ಟು ಒಂದು ಮನೆಯಲ್ಲಿ ಐದು ವರ್ಷ ಸುಮ್ಮನೆ ಕೆಲಸ ಮಾಡುತ್ತದೆ. ಅದೇ ಕಂಪನಿಯ ಅದೇ ಸೆಟ್ಟು ಇನ್ನೊಂದು ಊರಿನಲ್ಲಿ ಎರಡನೇ ಮಳೆಗಾಲಕ್ಕೇ ಕೈಕೊಡುತ್ತದೆ. ರೂಮುಗಳ ಲೆಕ್ಕ ಹಿಡಿದು ಹೊರಟರೆ ಇದಕ್ಕೆ ಕಾರಣ ಸಿಗುವುದಿಲ್ಲ. ನಿಮ್ಮಲ್ಲಿ ಕರೆಂಟ್ ಹೋಗುವ ರೀತಿ ಎಂಥದ್ದು, ಹೋದಾಗ ಏನೇನು ನಡೆಯಲೇಬೇಕು ಎನ್ನುವ ಎರಡು ಸಂಗತಿ ಸ್ಪಷ್ಟವಾದರೆ ಅರ್ಧ ದುಡ್ಡು ಅಲ್ಲೇ ಉಳಿಯುತ್ತದೆ.

ಕರೆಂಟ್ ಹೋಗುವುದರಲ್ಲೂ ಬಗೆಗಳಿವೆ. ಬೆಂಗಳೂರಿನಂಥ ಊರಿನಲ್ಲಿ ಏಪ್ರಿಲ್-ಮೇ ತಿಂಗಳ ಗಾಳಿಮಳೆಗೆ ಮರದ ಕೊಂಬೆ ತಂತಿಯ ಮೇಲೆ ಬಿದ್ದರೆ ಮೂರು-ನಾಲ್ಕು ಗಂಟೆ ಹೋಗುತ್ತದೆ. ಉಳಿದ ದಿನಗಳಲ್ಲಿ ಹತ್ತು ನಿಮಿಷ, ಅರ್ಧ ಗಂಟೆ. ಬಯಲುಸೀಮೆಯ ಹಳ್ಳಿಗಳಲ್ಲಿ ಕಥೆ ಬೇರೆ. ಪಂಪ್‌ಸೆಟ್ಟುಗಳಿಗೆ ತ್ರೀ ಫೇಸ್ ಕೊಡುವುದು ದಿನಕ್ಕೆ ಇಂತಿಷ್ಟೇ ಗಂಟೆ. ನಿರಂತರ ಜ್ಯೋತಿ ಯೋಜನೆಯಲ್ಲಿ ಊರಿನ ಮನೆಗಳಿಗೆ ಸಬ್‌ಸ್ಟೇಷನ್ನಿನಿಂದ ಬೇರೆ ಲೈನು (ಫೀಡರ್) ಎಳೆದ ಮೇಲೆ ಊರೊಳಗಿನವರ ಪಾಡು ಸುಧಾರಿಸಿತು. ಆದರೆ ತೋಟದ ಮನೆಗಳು ಬಹುಪಾಲು ಪಂಪ್‌ಸೆಟ್ಟಿನ ಲೈನಿನಲ್ಲೇ ಉಳಿದವು. ಅಲ್ಲಿ ಕರೆಂಟ್ ಬರುವುದು, ಹೋಗುವುದು, ಡಿಮ್ ಆಗುವುದು ದಿನವೂ ಹಲವು ಸಲ. 2023ರಲ್ಲಿ ಮಳೆ ಕೈಕೊಟ್ಟು ಜಲಾಶಯಗಳು ತುಂಬದೆ, ಪಂಪ್‌ಸೆಟ್ಟುಗಳ ಬೇಡಿಕೆ ಏರಿದಾಗ ಲೋಡ್ ಶೆಡ್ಡಿಂಗಿನ ಬಿಸಿ ಮೊದಲು ತಟ್ಟಿದ್ದು ಇಂಥ ಮನೆಗಳಿಗೇ. ಮಲೆನಾಡಿನದು ಮೂರನೇ ಬಗೆ. 11 ಕೆವಿ ಲೈನು ಕಾಡಿನ ನಡುವೆ ಮೈಲುಗಟ್ಟಲೆ ಸಾಗುತ್ತದೆ. ಜುಲೈನಲ್ಲಿ ಒಂದು ಮರ ಬಿದ್ದರೆ ಲೈನ್‌ಮನ್ ಆ ಜಾಗ ಹುಡುಕಿಕೊಂಡು ಮಳೆಯಲ್ಲಿ ನಡೆದೇ ಹೋಗಬೇಕು. ನಾಲ್ಕು ಮನೆಗಳಿರುವ ಕವಲು ಲೈನಿನ ಸರದಿ ಬರುವಷ್ಟರಲ್ಲಿ ಎರಡು-ಮೂರು ದಿನ ಆಗಿರುತ್ತದೆ.

ಈ ಮೂರಕ್ಕೂ ಒಂದೇ ಮದ್ದಿಲ್ಲ. ಅಂಗಡಿಯಲ್ಲಿ ಮಾತ್ರ ಮೂರಕ್ಕೂ ಒಂದೇ ಪೆಟ್ಟಿಗೆ ಸಿಗುತ್ತದೆ.

ವ್ಯಾಟ್-ಅವರ್ ಲೆಕ್ಕ

ಬ್ಯಾಟರಿಯ ಮೇಲೆ ಬರೆದಿರುವ "150 ಎಎಚ್" ಎಂಬುದನ್ನು 12 ವೋಲ್ಟಿಗೆ ಗುಣಿಸಿದರೆ 1,800 ವ್ಯಾಟ್-ಅವರ್ ಬರುತ್ತದೆ. ನೂರು ವ್ಯಾಟಿನ ಉಪಕರಣ ಹದಿನೆಂಟು ಗಂಟೆ ಓಡಬೇಕು ಅನ್ನಿಸುತ್ತದೆ. ಓಡುವುದಿಲ್ಲ. ಆ 150 ಎಎಚ್ ಎಂಬುದು ಇಪ್ಪತ್ತು ಗಂಟೆಗಳ ಕಾಲ ನಿಧಾನವಾಗಿ ಖಾಲಿ ಮಾಡಿದಾಗ ಸಿಗುವ ಅಳತೆ. ನಾಲ್ಕೈದು ಗಂಟೆಯಲ್ಲೇ ಎಳೆದರೆ ಅಷ್ಟು ಕೊಡದು. ಮೇಲಾಗಿ ಲೆಡ್-ಆಸಿಡ್ ಬ್ಯಾಟರಿಯನ್ನು ಪ್ರತಿಸಲ ತಳ ಮುಟ್ಟಿಸಿದರೆ ಆಯಸ್ಸು ಬೇಗ ಕರಗುತ್ತದೆ, ಹಾಗಾಗಿ 70% ಬಳಸಿ ನಿಲ್ಲಿಸುವುದು ಒಳ್ಳೆಯದು. ಡಿಸಿ ಕರೆಂಟನ್ನು ಎಸಿಗೆ ತಿರುಗಿಸುವಾಗ ಇನ್ವರ್ಟರ್ ಸುಮಾರು 15% ತಿನ್ನುತ್ತದೆ. ಇಷ್ಟೆಲ್ಲ ಕಳೆದ ಮೇಲೆ ಹೊಸ 150 ಎಎಚ್ ಬ್ಯಾಟರಿಯಿಂದ ನೆಮ್ಮದಿಯಾಗಿ ಸಿಗುವುದು ಸುಮಾರು 1,050 ವ್ಯಾಟ್-ಅವರ್. ಅಂದರೆ ಮೀಟರಿನ ಭಾಷೆಯಲ್ಲಿ ಒಂದು ಯೂನಿಟ್ಟು. ಅಷ್ಟು ತೂಕದ, ಅಷ್ಟು ಬೆಲೆಯ ವಸ್ತುವಿನೊಳಗೆ ನಾವು ಕೂಡಿಟ್ಟುಕೊಳ್ಳುವುದು ಆರೇಳು ರೂಪಾಯಿಯ ಕರೆಂಟನ್ನು. ಈ ಒಂದು ಮಾತು ಮನಸ್ಸಿಗೆ ಹೊಕ್ಕರೆ, ಆ ಒಂದು ಯೂನಿಟ್ಟನ್ನು ಯಾವುದಕ್ಕೆ ಖರ್ಚು ಮಾಡಬೇಕು ಎಂಬ ಎಚ್ಚರ ತಾನಾಗಿ ಬರುತ್ತದೆ.

ಒಂದು ಸಾಮಾನ್ಯ ಮನೆ ತೆಗೆದುಕೊಳ್ಳಿ. 9 ವ್ಯಾಟಿನ ಮೂರು ಎಲ್‌ಇಡಿ ಬಲ್ಬು, 75 ವ್ಯಾಟಿನ ಎರಡು ಹಳೆಯ ಫ್ಯಾನು, 50 ವ್ಯಾಟಿನ ಟಿವಿ, 10 ವ್ಯಾಟಿನ ವೈಫೈ ರೂಟರ್. ಒಟ್ಟು 237 ವ್ಯಾಟ್. ನಮ್ಮ ಒಂದು ಯೂನಿಟ್ಟು ನಾಲ್ಕೂವರೆ ಗಂಟೆಯೊಳಗೆ ಮುಗಿಯುತ್ತದೆ. ಈ ಪಟ್ಟಿಯಲ್ಲಿ ಬ್ಯಾಟರಿಯನ್ನು ತಿನ್ನುತ್ತಿರುವುದು ಯಾವುದು ನೋಡಿ. 237ರಲ್ಲಿ 150 ಫ್ಯಾನಿನದೇ. ಬಲ್ಬು ಆರಿಸಿ ಕತ್ತಲಲ್ಲಿ ಕೂತರೂ ಉಳಿತಾಯವಾಗುವುದು ಬರೀ 27 ವ್ಯಾಟ್.

ಈಗ ಆ ಎರಡು ಫ್ಯಾನು ತೆಗೆದು ಬಿಎಲ್‌ಡಿಸಿ (ಬ್ರಶ್ ಇಲ್ಲದ ಡಿಸಿ ಮೋಟರಿನ) ಫ್ಯಾನು ಹಾಕಿ. ಪೂರ್ತಿ ವೇಗದಲ್ಲೂ ಅದು ಎಳೆಯುವುದು 28ರಿಂದ 35 ವ್ಯಾಟ್. ಒಟ್ಟು ಲೋಡ್ 147ಕ್ಕೆ ಇಳಿಯಿತು, ಬ್ಯಾಕಪ್ ಏಳು ಗಂಟೆಗೆ ಏರಿತು. ಬ್ಯಾಟರಿಯನ್ನು ಮುಟ್ಟಲೇ ಇಲ್ಲ. ಇಂಥ ಎರಡು ಫ್ಯಾನಿಗೆ ಆರು ಸಾವಿರದ ಆಸುಪಾಸು ಖರ್ಚು. ಅಷ್ಟೇ ಗಂಟೆಗಳನ್ನು ಬ್ಯಾಟರಿಯಿಂದ ಪಡೆಯಬೇಕಾದರೆ ಎರಡನೇ ಬ್ಯಾಟರಿ, ಅದಕ್ಕೆ ತಕ್ಕ 24 ವೋಲ್ಟ್ ಇನ್ವರ್ಟರ್ ಎಂದು ಅದರ ಮೂರು-ನಾಲ್ಕು ಪಟ್ಟು ಸುರಿಯಬೇಕು. ಬ್ಯಾಟರಿ ಐದು ವರ್ಷಕ್ಕೆ ಗುಜರಿ ಸೇರುತ್ತದೆ. ಫ್ಯಾನು ಅದಕ್ಕಿಂತ ಹೆಚ್ಚು ಬಾಳುತ್ತದೆ, ಕರೆಂಟ್ ಇರುವಾಗಲೂ ಬಿಲ್ಲು ಇಳಿಸುತ್ತಿರುತ್ತದೆ. 2023ರ ಜನವರಿಯಿಂದ ಸೀಲಿಂಗ್ ಫ್ಯಾನುಗಳಿಗೂ ಸ್ಟಾರ್ ಲೇಬಲ್ ಕಡ್ಡಾಯವಾಗಿದೆ. ಐದು ಸ್ಟಾರ್ ಇರುವುದನ್ನು ಕೇಳಿ, ಡಬ್ಬಿಯ ಮೇಲೆ ವ್ಯಾಟ್ ಎಷ್ಟೆಂದು ಓದಿ ಕೊಳ್ಳಿ.

ರಾತ್ರಿ ಮಲಗುವಾಗಿನ ಲೆಕ್ಕ ಇನ್ನೂ ಚೆನ್ನಾಗಿದೆ. ಒಂದು ಬಿಎಲ್‌ಡಿಸಿ ಫ್ಯಾನು, ಒಂದು ಬಲ್ಬು, ರೂಟರ್ ಸೇರಿ 49 ವ್ಯಾಟ್. ಇನ್ವರ್ಟರ್ ತನ್ನ ಪಾಡಿಗೆ ಉರಿಯಲು ಹತ್ತು-ಹನ್ನೆರಡು ವ್ಯಾಟ್ ಬೇಡುತ್ತದೆ, ಅದನ್ನೂ ಸೇರಿಸಿ. ಆದರೂ ಹದಿನೇಳು ಗಂಟೆ ನಡೆಯುತ್ತದೆ. ಮಲೆನಾಡಿನಲ್ಲಿ ಮಳೆಗಾಲಕ್ಕೆ ಫ್ಯಾನೇ ಬೇಡವಾದ್ದರಿಂದ ಎರಡು ದಿನದ ಬೆಳಕಿಗೆ ಈ ಒಂದು ಬ್ಯಾಟರಿ ಸಾಕಾಗುತ್ತದೆ.

ಕರೆಂಟನ್ನೇ ಕೂಡಿಡಬೇಕಿಲ್ಲ

ಫ್ರಿಜ್ಜು, ನೀರಿನ ಮೋಟರು, ಮಿಕ್ಸಿ, ಗ್ರೈಂಡರ್, ಐರನ್ ಬಾಕ್ಸ್. ಇವನ್ನೂ ಇನ್ವರ್ಟರಿಗೆ ಕೊಡಿಸಿಕೊಳ್ಳುವ ಆಸೆಯಿಂದಲೇ ಹೆಚ್ಚಿನವರು ದೊಡ್ಡ ಸೆಟ್ಟು ಕೊಳ್ಳುವುದು. ಮೋಟರು ಇರುವ ಉಪಕರಣ ಶುರುವಾಗುವ ಕ್ಷಣದಲ್ಲಿ ಓಡುವಾಗಿನ ಮೂರರಿಂದ ಆರು ಪಟ್ಟು ಕರೆಂಟ್ ಎಳೆಯುತ್ತದೆ. ಅರ್ಧ ಎಚ್‌ಪಿ ಮೋಟರು ಹೆಸರಿಗೆ 373 ವ್ಯಾಟ್, ಎಳೆತಕ್ಕೆ ಒಂದೂವರೆ-ಎರಡು ಸಾವಿರ. ಅದನ್ನು ತಡೆದುಕೊಳ್ಳುವ ಇನ್ವರ್ಟರಿನ ಬೆಲೆಯೇ ಬೇರೆ.

ಆದರೆ ಯೋಚಿಸಿ ನೋಡಿ: ಮೋಟರು ಬೇಕಾಗಿರುವುದು ನೀರಿಗೆ. ಕರೆಂಟ್ ಇದ್ದಾಗ ಓವರ್‌ಹೆಡ್ ಟ್ಯಾಂಕ್ ತುಂಬಿಸಿಟ್ಟರೆ ಮೋಟರು ಮಾಡಬೇಕಾದ ಕೆಲಸ ಮೊದಲೇ ಮುಗಿದು ತಾರಸಿಯ ಮೇಲೆ ಕಾದಿರುತ್ತದೆ. ಐದುನೂರು ಲೀಟರಿನ ಇನ್ನೊಂದು ಟ್ಯಾಂಕಿನ ಬೆಲೆ ಒಂದು ಬ್ಯಾಟರಿಯ ಬೆಲೆಯ ಕಾಲು ಭಾಗದಷ್ಟು. ಬ್ಯಾಟರಿಯ ಹಾಗೆ ಅದಕ್ಕೆ ಡಿಸ್ಟಿಲ್ಡ್ ವಾಟರ್ ಹಾಕಿ ನೋಡಿಕೊಳ್ಳಬೇಕಿಲ್ಲ, ಐದು ವರ್ಷಕ್ಕೆ ಬದಲಿಸಬೇಕಿಲ್ಲ. ಫ್ರಿಜ್ಜೂ ಅಷ್ಟೇ. ಬಾಗಿಲು ತೆಗೆಯದಿದ್ದರೆ ನಾಲ್ಕು ಗಂಟೆ ತಣ್ಣಗಿರುತ್ತದೆ. ನೀರಿನ ಬಾಟಲಿಗಳನ್ನು ಫ್ರೀಜರಿನಲ್ಲಿ ಗಡ್ಡೆ ಕಟ್ಟಿಸಿಟ್ಟರೆ ಇನ್ನೂ ಹೆಚ್ಚು ಹೊತ್ತು. ಇನ್ಸುಲಿನ್‌ನಂಥ ಔಷಧ ಇಡುವ ಮನೆಯಾದರೆ ಈ ಉಪಾಯವನ್ನು ಮಳೆಗಾಲ ಪೂರ್ತಿ ರೂಢಿಯಾಗಿ ಇಟ್ಟುಕೊಳ್ಳಿ. ದೋಸೆ ಹಿಟ್ಟು ರುಬ್ಬುವ ಹೊತ್ತು, ಬಟ್ಟೆ ಒಗೆಯುವ ಹೊತ್ತು ಹಳ್ಳಿಯ ಹೆಂಗಸರು ಕರೆಂಟಿನ ವೇಳೆಗೆ ಹೊಂದಿಸಿಕೊಂಡೇ ಬಂದಿದ್ದಾರೆ. ಆ ಜಾಣತನವನ್ನು ಯಾವ ಇನ್ವರ್ಟರೂ ಅಷ್ಟು ಅಗ್ಗಕ್ಕೆ ಕೊಡಲಾರದು.

ಈ ಮಾತಿಗೆ ಹೊರತಾದ ಮನೆಗಳಿವೆ. ಆಕ್ಸಿಜನ್ ಕಾನ್ಸಂಟ್ರೇಟರ್ ಮೇಲೆ ಇರುವ ಹಿರಿಯರು ಮನೆಯಲ್ಲಿದ್ದರೆ ಲೆಕ್ಕ ಅಲ್ಲಿಂದಲೇ ಶುರುವಾಗಬೇಕು. ನಿಮಿಷಕ್ಕೆ ಐದು ಲೀಟರ್ ಕೊಡುವ ಯಂತ್ರ ಸುಮಾರು 300-350 ವ್ಯಾಟ್ ಎಳೆಯುತ್ತದೆ. ಒಂದು 150 ಎಎಚ್ ಬ್ಯಾಟರಿ ಮೂರು ಗಂಟೆಗಷ್ಟೇ. ಅಂಥಲ್ಲಿ ಬ್ಯಾಟರಿಯೊಂದನ್ನೇ ನಂಬದೆ ಪಕ್ಕದಲ್ಲಿ ತುಂಬಿದ ಸಿಲಿಂಡರ್ ಇಟ್ಟುಕೊಳ್ಳಲೇಬೇಕು.

ಎರಡು ಸಾವಿರದೊಳಗೆ ಏನಾಗುತ್ತದೆ

ಬಾಡಿಗೆ ಮನೆಯಲ್ಲಿರುವವರಿಗೆ, ದಿನಕ್ಕೆ ಅರ್ಧ-ಒಂದು ಗಂಟೆ ಮಾತ್ರ ಕರೆಂಟ್ ಹೋಗುವವರಿಗೆ ಇನ್ವರ್ಟರೇ ಬೇಡ ಎಂಬುದು ನನ್ನ ಅಭಿಪ್ರಾಯ. ಮೂರು-ನಾಲ್ಕು ನೂರು ರೂಪಾಯಿಗೆ ಸಿಗುವ ಇನ್ವರ್ಟರ್ ಬಲ್ಬಿನೊಳಗೆ ಚಿಕ್ಕ ಲಿಥಿಯಂ ಸೆಲ್ ಇರುತ್ತದೆ. ಕರೆಂಟ್ ಇದ್ದಾಗ ತುಂಬಿಕೊಂಡು, ಹೋದಾಗ ಮೂರು-ನಾಲ್ಕು ಗಂಟೆ ಉರಿಯುತ್ತದೆ. ಸ್ವಿಚ್ ಆರಿಸಿದ್ದಕ್ಕೂ ಕರೆಂಟ್ ಹೋದದ್ದಕ್ಕೂ ಇರುವ ವ್ಯತ್ಯಾಸ ಅದಕ್ಕೆ ತಿಳಿಯುವುದು ಹೇಗೆ ಎಂದು ಹಲವರು ಕೇಳುತ್ತಾರೆ. ಸ್ವಿಚ್ ಆನ್ ಇದ್ದರೆ ಬಲ್ಬಿನ ಎರಡು ತುದಿಗಳ ನಡುವೆ ಮನೆಯ ವೈರಿಂಗು, ಉಳಿದ ಉಪಕರಣಗಳು, ಹೊರಗಿನ ಟಿಸಿಯ (ಟ್ರಾನ್ಸ್‌ಫಾರ್ಮರಿನ) ಸುರುಳಿ ಇವುಗಳ ಮೂಲಕ ಒಂದು ದಾರಿ ಇರುತ್ತದೆ. ಆ ದಾರಿ ಇದ್ದು ವೋಲ್ಟೇಜ್ ಇಲ್ಲದಿದ್ದರೆ ಕರೆಂಟ್ ಹೋಗಿದೆ ಎಂದು ಅರ್ಥ. ದಾರಿಯೇ ಕಡಿದಿದ್ದರೆ ನೀವು ಸ್ವಿಚ್ ಆರಿಸಿದ್ದೀರಿ. ಒದ್ದೆ ಕೈಯಲ್ಲಿ ತಳ ಮುಟ್ಟಿದರೆ ಅದು ಉರಿಯುವುದಕ್ಕೂ ಕಾರಣ ಇದೇ. ಬಚ್ಚಲುಮನೆಗೆ, ಅಡುಗೆಮನೆಗೆ, ಮೆಟ್ಟಿಲಿಗೆ ಇಂಥದ್ದೊಂದೊಂದು ಇದ್ದರೆ ಕತ್ತಲಲ್ಲಿ ಯಾರೂ ಎಡವಿ ಬೀಳುವುದಿಲ್ಲ.

ಮನೆಯಿಂದ ಕೆಲಸ ಮಾಡುವವರಿಗೆ ಬೇಕಾದದ್ದು ರೂಟರಿನ ಮಿನಿ ಯುಪಿಎಸ್. ಲ್ಯಾಪ್‌ಟಾಪಿಗೆ ತನ್ನದೇ ಬ್ಯಾಟರಿ ಇದೆ, ಫೋನಿಗೂ ಇದೆ, ನಡುವೆ ಸಾಯುವುದು ರೂಟರ್ ಒಂದೇ. ಅದು ಎಸಿ ಕರೆಂಟಿನಲ್ಲಿ ಓಡುವ ವಸ್ತುವೂ ಅಲ್ಲ, ಅಡಾಪ್ಟರ್ ಕೊಡುವ 12 ವೋಲ್ಟ್ ಡಿಸಿಯಲ್ಲಿ ಓಡುತ್ತದೆ. ಹಾಗಾಗಿ ಹನ್ನೆರಡು ವೋಲ್ಟಿನ ಚಿಕ್ಕ ಬ್ಯಾಟರಿಪೆಟ್ಟಿಗೆ ನಡುವೆ ಇಟ್ಟರೆ ಸಾಕು, ಮೂರು-ನಾಲ್ಕು ಗಂಟೆ ನೆಟ್ ಬರುತ್ತದೆ. ಕೊಳ್ಳುವ ಮುಂಚೆ ನಿಮ್ಮ ಅಡಾಪ್ಟರಿನ ಮೇಲೆ 12 ವೋಲ್ಟ್ ಇದೆಯೋ 9 ಇದೆಯೋ, ಎಷ್ಟು ಆಂಪಿಯರ್, ಪಿನ್ನು ಯಾವ ಸೈಜಿನದು ಎಂದು ನೋಡಿಕೊಳ್ಳಿ. ಒಂದು ಎಚ್ಚರ: ಮನೆಯ ರೂಟರ್ ಬದುಕಿದ್ದರೂ ದಾರಿಯಲ್ಲಿರುವ ಪೆಟ್ಟಿಗೆ ಸತ್ತರೆ ಉಪಯೋಗವಿಲ್ಲ. ಪೂರ್ತಿ ಫೈಬರ್ ಆದರೆ ನಡುದಾರಿಯಲ್ಲಿ ಕರೆಂಟ್ ಬೇಕಿಲ್ಲ, ಗಾಜಿನ ಎಳೆಯಲ್ಲಿ ಬೆಳಕೇ ಹೋಗುತ್ತದೆ. ಕಂಬದ ಮೇಲೆ ಸ್ವಿಚ್ ಪೆಟ್ಟಿಗೆ ಇಟ್ಟು ಅಲ್ಲಿಂದ ಕೇಬಲ್ ಎಳೆದಿದ್ದರೆ ಆ ಪೆಟ್ಟಿಗೆಗೂ ಬ್ಯಾಕಪ್ ಇದೆಯೇ ಎಂದು ಕೇಬಲ್‌ನವರನ್ನು ಕೇಳಿ.

ಇಂಥ ಪೆಟ್ಟಿಗೆ, ಪವರ್ ಬ್ಯಾಂಕ್‌ಗಳ ಮೇಲೆ ದಪ್ಪಕ್ಷರದಲ್ಲಿ ಬರೆಯುವ ಎಂಎಎಚ್ ಅಂಕಿ ನೋಡಿ ಬೆರಗಾಗಬೇಡಿ. ಅದು ಒಳಗಿನ 3.7 ವೋಲ್ಟ್ ಸೆಲ್ಲಿನ ಲೆಕ್ಕ. 10,000 ಎಂಎಎಚ್ ಎಂದರೆ 10 ಎಎಚ್, 3.7ಕ್ಕೆ ಗುಣಿಸಿದರೆ 37 ವ್ಯಾಟ್-ಅವರ್. ಹತ್ತು ವ್ಯಾಟಿನ ರೂಟರನ್ನು ಮೂರು ಗಂಟೆ ನಡೆಸುವಷ್ಟು.

ಇನ್ವರ್ಟರ್ ಬೇಕೇ ಬೇಕೆಂದರೆ

ಎರಡು ಮಾತು ಕೇಳಿ ಕೊಳ್ಳಿ. ಮೊದಲನೆಯದು ಸೈನ್ ವೇವ್, ಅಂದರೆ ಲೈನಿನ ಕರೆಂಟಿನ ಹಾಗೆಯೇ ನಯವಾಗಿ ಏರಿಳಿಯುವ ಅಲೆ. ಸ್ಕ್ವೇರ್ ವೇವ್ ಇನ್ವರ್ಟರ್ ಒಂದೆರಡು ಸಾವಿರ ಅಗ್ಗ, ಬಲ್ಬು ಮತ್ತು ಚಾರ್ಜರಿಗೆ ತೊಂದರೆ ಇಲ್ಲ, ಆದರೆ ಅದರ ಮೇಲೆ ಮಾಮೂಲಿ ಫ್ಯಾನು ಗುಂಯ್‌ಗುಟ್ಟುತ್ತದೆ, ಬಿಸಿಯಾಗುತ್ತದೆ, ಹೆಚ್ಚು ಕರೆಂಟೂ ತಿನ್ನುತ್ತದೆ. ಉಳಿಸಿದ್ದು ಅಲ್ಲೇ ಹೋಗುತ್ತದೆ. ಎರಡನೆಯದು ವಿಎ ಎಂಬ ಅಂಕಿ. ಅದು ಬ್ಯಾಕಪ್ ಎಷ್ಟು ಹೊತ್ತು ಬರುತ್ತದೆ ಎಂಬುದನ್ನು ಹೇಳುವುದಿಲ್ಲ, ಒಂದೇ ಸಲಕ್ಕೆ ಎಷ್ಟು ಲೋಡ್ ಹೊರಬಲ್ಲದು ಎಂಬುದನ್ನು ಹೇಳುತ್ತದೆ. 900 ವಿಎ ಎಂದರೆ ಸುಮಾರು 700 ವ್ಯಾಟ್. ನಮ್ಮ ಲೆಕ್ಕದ ಮನೆಗೆ ಬೇಕಾಗಿರುವುದು 150. ಅಲ್ಲಿಗೆ ಇದ್ದುದರಲ್ಲಿ ಚಿಕ್ಕ ಸೈಜೇ ಧಾರಾಳ.

ಇನ್ವರ್ಟರಿನ ಹಿಂಬದಿಯಲ್ಲಿ ಒಂದು ಪುಟ್ಟ ಸ್ವಿಚ್ಚಿರುತ್ತದೆ, ಯುಪಿಎಸ್ ಮೋಡ್ ಮತ್ತು ನಾರ್ಮಲ್ ಮೋಡ್ ಎಂದು. ಕೆಲವದರಲ್ಲಿ ಎರಡನೆಯದನ್ನು ಇಕೋ ಮೋಡ್ ಅನ್ನುತ್ತಾರೆ. ಹಳ್ಳಿಯ ಮನೆಗಳಲ್ಲಿ ಬ್ಯಾಟರಿ ಹಾಳಾಗಲು ಎಷ್ಟೋ ಸಲ ಈ ಸ್ವಿಚ್ಚೇ ಕಾರಣ. ಯುಪಿಎಸ್ ಮೋಡಿನಲ್ಲಿ ವೋಲ್ಟೇಜ್ ಸುಮಾರು 180ಕ್ಕಿಂತ ಕೆಳಗಿಳಿದರೆ ಸಾಕು, ಇನ್ವರ್ಟರ್ ಕರೆಂಟೇ ಇಲ್ಲವೆಂದು ತಿಳಿದು ಬ್ಯಾಟರಿಗೆ ಹೊರಳುತ್ತದೆ. ಡೆಸ್ಕ್‌ಟಾಪ್ ಕಂಪ್ಯೂಟರ್ ಆಫ್ ಆಗದಿರಲು ಮಾಡಿದ ಏರ್ಪಾಡು ಅದು. ಸಂಜೆ ಏಳಕ್ಕೆ ಊರಿಗೆ ಊರೇ ಡಿಮ್ ಆಗುವ ಕಡೆ ಆ ಮೋಡಿನಲ್ಲಿಟ್ಟರೆ, ಕರೆಂಟ್ ಇದ್ದೂ ದಿನವೂ ನಾಲ್ಕು ಗಂಟೆ ಬ್ಯಾಟರಿ ಕರಗುತ್ತದೆ. ನಾರ್ಮಲ್ ಮೋಡಿನಲ್ಲಿ ನೂರರ ಆಸುಪಾಸು ವೋಲ್ಟಿನವರೆಗೂ ಲೈನನ್ನೇ ಬಳಸುತ್ತದೆ. ಲೋ ವೋಲ್ಟೇಜಿನ ಊರಿನವರು ಇವತ್ತೇ ಒಮ್ಮೆ ಹಿಂದೆ ಬಗ್ಗಿ ನೋಡಿ.

ಇನ್ನು ಬ್ಯಾಟರಿ. ದುಡ್ಡು ಹೋಗುವುದು ಇಲ್ಲೇ, ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ಲೆಡ್-ಆಸಿಡ್‌ನಲ್ಲಿ ಕೊಳ್ಳಬೇಕಾದದ್ದು ಟ್ಯೂಬುಲರ್. ಅದರ ಪಾಸಿಟಿವ್ ಪ್ಲೇಟಿನ ಸೀಸದ ಪುಡಿಯನ್ನು ಕೊಳವೆಯಂಥ ಚೀಲಗಳಲ್ಲಿ ಹಿಡಿದಿಟ್ಟಿರುತ್ತಾರೆ. ಪದೇ ಪದೇ ಖಾಲಿಯಾಗಿ ತುಂಬಿದರೂ ಪುಡಿ ಉದುರುವುದು ಕಡಿಮೆ. ಕಾರಿನ ಬ್ಯಾಟರಿ ಅಗ್ಗವೆಂದು ಇನ್ವರ್ಟರಿಗೆ ಹಾಕುವುದುಂಟು. ಅದರ ತೆಳು ಪ್ಲೇಟು ಎಂಜಿನ್ ಶುರು ಮಾಡುವ ಒಂದು ಕ್ಷಣದ ಎಳೆತಕ್ಕೆ ಮಾಡಿದ್ದು, ಗಂಟೆಗಟ್ಟಲೆ ಬಳಸಿದರೆ ಕೆಲವೇ ತಿಂಗಳಲ್ಲಿ ಮುಗಿಯುತ್ತದೆ.

ಟ್ಯೂಬುಲರ್ ಬ್ಯಾಟರಿಯ ದೊಡ್ಡ ದೌರ್ಬಲ್ಯ ಅದು ತುಂಬಿಕೊಳ್ಳುವ ವೇಗ. 150 ಎಎಚ್ ಬ್ಯಾಟರಿಗೆ ಇನ್ವರ್ಟರ್ ಕೊಡುವುದು ಹತ್ತರಿಂದ ಹದಿನೈದು ಆಂಪಿಯರ್. ಖಾಲಿಯಾದದ್ದು ತುಂಬಲು ಹತ್ತು-ಹನ್ನೆರಡು ಗಂಟೆ ಬೇಕು. ಬೆಂಗಳೂರಿನಲ್ಲಿ ಅಷ್ಟು ಹೊತ್ತು ಸಿಗುತ್ತದೆ. ಆರು ಗಂಟೆ ಇದ್ದು, ನಾಲ್ಕು ಗಂಟೆ ಹೋಗಿ, ಮತ್ತೆ ಮೂರು ಗಂಟೆ ಬರುವ ತೋಟದ ಮನೆಯಲ್ಲಿ ಸಿಗುವುದಿಲ್ಲ. ಅರ್ಧಂಬರ್ಧ ತುಂಬಿದ ಸ್ಥಿತಿಯಲ್ಲಿ ವಾರಗಟ್ಟಲೆ ಕೂತ ಬ್ಯಾಟರಿಯ ಪ್ಲೇಟುಗಳ ಮೇಲೆ ಲೆಡ್ ಸಲ್ಫೇಟ್ ಗಟ್ಟಿ ಹರಳಾಗಿ ಕೂರುತ್ತದೆ. ಹರಳು ಕೂತ ಜಾಗ ಮತ್ತೆ ಚಾರ್ಜ್ ತೆಗೆದುಕೊಳ್ಳದು. ಆಗ ಬ್ಯಾಕಪ್ ಕುಗ್ಗುತ್ತದೆ, ಕುಗ್ಗಿದ್ದರಿಂದ ಇನ್ನೂ ಬೇಗ ತಳ ಮುಟ್ಟುತ್ತದೆ, ಇನ್ನಷ್ಟು ಹರಳು ಕಟ್ಟುತ್ತದೆ. ಒಂದು ಊರಿನಲ್ಲಿ ಐದು ವರ್ಷ ಬಂದ ಬ್ಯಾಟರಿ ಇನ್ನೊಂದರಲ್ಲಿ ಎರಡಕ್ಕೇ ಸಾಯುವುದರ ಗುಟ್ಟು ಬಹುಪಾಲು ಇದೇ. ಕಂಪನಿಯನ್ನು ಬೈದು ಮತ್ತೆ ಅಂಥದ್ದೇ ತಂದರೆ ಅದರ ಪಾಡೂ ಅಷ್ಟೇ.

ಲಿಥಿಯಂ ಬ್ಯಾಟರಿಗೆ, ಅದರಲ್ಲೂ ಮನೆಗೆ ತಕ್ಕದಾದ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗೆ, ಈ ರೋಗವಿಲ್ಲ. ಅರ್ಧ ತುಂಬಿ ಕೂತರೂ ಅದಕ್ಕೆ ಏನೂ ಆಗುವುದಿಲ್ಲ. ತಕ್ಕ ಚಾರ್ಜರ್ ಇದ್ದರೆ ಮೂರು-ನಾಲ್ಕು ಗಂಟೆಯಲ್ಲಿ ತುಂಬುತ್ತದೆ. ಅದರ 12.8 ವೋಲ್ಟ್, 100 ಎಎಚ್ ಎಂದರೆ 1,280 ವ್ಯಾಟ್-ಅವರ್. ಅದರಲ್ಲಿ 85% ಬಳಸಿದರೂ ಬೇಸರವಿಲ್ಲವಾದ್ದರಿಂದ ಅದು 150 ಎಎಚ್ ಟ್ಯೂಬುಲರಿಗೆ ಹೆಚ್ಚುಕಡಿಮೆ ಸಮ. ತೂಕ ಹನ್ನೆರಡು ಕಿಲೋ ಆಸುಪಾಸು, ಟ್ಯೂಬುಲರ್ ಐವತ್ತು ದಾಟುತ್ತದೆ. ನೀರು ಹಾಕುವ ಕೆಲಸವಿಲ್ಲ, ಗ್ಯಾಸ್ ಬಿಡುವುದಿಲ್ಲ, ಎರಡು ಸಾವಿರಕ್ಕೂ ಹೆಚ್ಚು ಸಲ ಖಾಲಿಯಾಗಿ ತುಂಬಬಲ್ಲದು. ಬೆಲೆ ಮಾತ್ರ ಟ್ಯೂಬುಲರಿನ ಒಂದೂವರೆಯಿಂದ ಎರಡು ಪಟ್ಟು.

ಹಾಗಾದರೆ ಯಾರಿಗೆ ಯಾವುದು? ವಾರಕ್ಕೊಮ್ಮೆ ಎರಡು ಗಂಟೆ ಕರೆಂಟ್ ಹೋಗುವ ಮನೆಗೆ ಲಿಥಿಯಂ ಕೊಳ್ಳುವುದು ದುಡ್ಡು ಕಟ್ಟಿಹಾಕಿದಂತೆ. ಅದರ ಸಾವಿರಾರು ಸೈಕಲ್ (ಖಾಲಿಯಾಗಿ ತುಂಬುವ ಸುತ್ತು) ಬಳಕೆಯಾಗದೆಯೇ ಉಳಿಯುತ್ತದೆ. ಅಲ್ಲಿ ಟ್ಯೂಬುಲರ್ ಸರಿ. ದಿನವೂ ನಾಲ್ಕೈದು ಗಂಟೆ ಹೋಗುವ, ಬಂದರೂ ನಿಲ್ಲದ ಕಡೆ ಲಿಥಿಯಮ್ಮೇ ಕೊನೆಗೆ ಅಗ್ಗ. ಸಾಮಾನ್ಯವಾಗಿ ನಡೆಯುತ್ತಿರುವುದು ಇದರ ತಿರುವುಮುರುವು, ಪಟ್ಟಣದ ಅನುಕೂಲಸ್ಥರು ಲಿಥಿಯಂ ಹಾಕಿಸಿಕೊಳ್ಳುತ್ತಾರೆ, ಅದು ನಿಜವಾಗಿ ಬೇಕಾದ ಹಳ್ಳಿಯ ಮನೆಗೆ ಅಂಗಡಿಯವರು ಟ್ಯೂಬುಲರ್ ಕಳಿಸುತ್ತಾರೆ. ಕೊಳ್ಳುವಾಗ ಇನ್ವರ್ಟರಿನಲ್ಲಿ ಲಿಥಿಯಂ ಆಯ್ಕೆ ಇದೆಯೇ ಎಂದು ಖಾತ್ರಿ ಮಾಡಿಕೊಳ್ಳಿ. ಹಳೆಯ ವಾಹನಗಳಿಂದ ಬಿಚ್ಚಿದ ಸೆಲ್ಲುಗಳನ್ನು ಜೋಡಿಸಿ ಹೆಸರಿಲ್ಲದ ಡಬ್ಬಿಯಲ್ಲಿ ಮಾರುವುದುಂಟು. ಅವುಗಳ ಬೆಲೆ ಆಕರ್ಷಕ, ಆದರೆ ಮಲಗುವ ಮನೆಯಲ್ಲಿ ಇಡಲು ನಾನು ಒಪ್ಪಲಾರೆ.

ವಾರಂಟಿ ಕಾರ್ಡಿನ ಮೇಲಿನ "36+24" ಎಂಬುದನ್ನು ಐದು ವರ್ಷ ಎಂದು ಹೇಳಿ ಮಾರುತ್ತಾರೆ. ಹಾಳಾದರೆ ಬಿಟ್ಟಿಯಾಗಿ ಬದಲಿಸಿ ಕೊಡುವುದು ಮೊದಲ 36 ತಿಂಗಳು ಮಾತ್ರ. ಉಳಿದ 24 ತಿಂಗಳಲ್ಲಿ ಹೊಸ ಬ್ಯಾಟರಿಯ ಬೆಲೆಯಲ್ಲಿ ಒಂದಿಷ್ಟು ರಿಯಾಯಿತಿ, ತಿಂಗಳು ಕಳೆದಂತೆ ಅದೂ ಇಳಿಯುತ್ತದೆ. ಎರಡು ಬ್ಯಾಟರಿ ಹೋಲಿಸುವಾಗ ಮೊದಲ ಅಂಕಿಯನ್ನೇ ಹೋಲಿಸಿ. ಬಿಲ್ಲಿನ ಮೇಲೆ ಬ್ಯಾಟರಿಯ ಸೀರಿಯಲ್ ನಂಬರ್ ಬರೆಸಿಕೊಳ್ಳುವುದನ್ನು ಮರೆಯಬೇಡಿ.

ನೋಡಿಕೊಳ್ಳುವ ಕೆಲಸ ದೊಡ್ಡದಲ್ಲ. ಮೂರು ತಿಂಗಳಿಗೊಮ್ಮೆ ನೀರಿನ ಮಟ್ಟ ನೋಡಿ, ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಆರ್‌ಒ ನೀರು ಕುಡಿಯಲು ಒಳ್ಳೆಯದಿರಬಹುದು, ಅದರಲ್ಲೂ ಲವಣ ಉಳಿದಿರುತ್ತದೆ. ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬರುವುದರಿಂದ ಬ್ಯಾಟರಿ ಗಾಳಿಯಾಡುವ ಜಾಗದಲ್ಲಿರಬೇಕು. ದೇವರ ಮನೆಯ ಪಕ್ಕ, ದೀಪ ಉರಿಯುವಲ್ಲಿ ಇಡಲೇಬಾರದು.

ಬಿಲ್ಲಿನ ಮಾತೂ ಇದೆ. ತುಂಬಿದ ಬ್ಯಾಟರಿಯನ್ನು ತುಂಬಿಟ್ಟಿರಲು ಇನ್ವರ್ಟರ್ ದಿನವಿಡೀ ಸ್ವಲ್ಪ ಕರೆಂಟ್ ಎಳೆಯುತ್ತಲೇ ಇರುತ್ತದೆ. 15 ವ್ಯಾಟ್ ಎಂದಿಟ್ಟುಕೊಂಡರೂ ತಿಂಗಳಿಗೆ ಹನ್ನೊಂದು ಯೂನಿಟ್ಟಾಯಿತು. ಲೆಡ್-ಆಸಿಡ್‌ನಿಂದ ಒಂದು ಯೂನಿಟ್ ಪಡೆಯಲು ಒಂದೂವರೆಗೂ ಹೆಚ್ಚು ಯೂನಿಟ್ ತುಂಬಬೇಕು. ಗೃಹಜ್ಯೋತಿಯ ಮಿತಿಯ ಅಂಚಿನಲ್ಲಿರುವ ಮನೆಗಳಿಗೆ ಇದು ಸಣ್ಣ ವಿಷಯವಲ್ಲ. ಎಲ್ಲರಿಗೂ 200 ಯೂನಿಟ್ ಸಿಗುವುದಿಲ್ಲವಲ್ಲ, ಸಾಮಾನ್ಯವಾಗಿ ನಿಮ್ಮ 2022-23ರ ಸರಾಸರಿ ಬಳಕೆಯ ಮೇಲೆ 10% ಸೇರಿಸಿದ್ದಷ್ಟೇ ಉಚಿತ. 200 ದಾಟಿದರೆ ಪೂರ್ತಿ ಬಿಲ್ಲು. ಇಲ್ಲೂ ನೆರವಿಗೆ ಬರುವುದು ಬಿಎಲ್‌ಡಿಸಿ ಫ್ಯಾನೇ. ದಿನಕ್ಕೆ ಹತ್ತು ಗಂಟೆ ಓಡುವ ಒಂದು ಫ್ಯಾನು ಬದಲಿಸಿದರೆ ತಿಂಗಳಿಗೆ ಹದಿಮೂರು ಯೂನಿಟ್ ಉಳಿದು ಇನ್ವರ್ಟರಿನ ಸ್ಟ್ಯಾಂಡ್‌ಬೈ ಖರ್ಚನ್ನು ಸರಿದೂಗಿಸುತ್ತದೆ.

ಸೋಲಾರ್, ಹಳ್ಳ, ಜನರೇಟರ್

ತಾರಸಿ ಮೇಲೆ ಸೋಲಾರ್ ಹಾಕಿಸಿದರೆ ಕರೆಂಟ್ ಹೋಗುವ ಚಿಂತೆಯೇ ಇರದು ಎಂಬ ನಂಬಿಕೆ ಬಲವಾಗಿದೆ. 2024ರ ಫೆಬ್ರವರಿಯಲ್ಲಿ ಪಿಎಂ ಸೂರ್ಯಘರ್ ಯೋಜನೆ ಬಂದು, 3 ಕಿಲೋವ್ಯಾಟಿಗೆ ₹78,000ದವರೆಗೆ ಸಬ್ಸಿಡಿ ಸಿಗುವಂತಾದ ಮೇಲೆ ಇನ್ನೂ ಹೆಚ್ಚಾಗಿದೆ. ಆ ಯೋಜನೆಯಲ್ಲಿ ಸಾಮಾನ್ಯವಾಗಿ ಹಾಕುವ ಗ್ರಿಡ್‌ಗೆ ಜೋಡಿಸಿದ ಸೋಲಾರ್, ಕರೆಂಟ್ ಹೋದ ತಕ್ಷಣ ತಾನೂ ನಿಂತುಹೋಗುತ್ತದೆ. ಮಟಮಟ ಮಧ್ಯಾಹ್ನವಾದರೂ ಸರಿ. ಇದು ದೋಷವಲ್ಲ, ಬೇಕೆಂದೇ ಮಾಡಿದ್ದು. ಲೈನ್‌ಮನ್ ಫ್ಯೂಸ್ ತೆಗೆದು ಕಂಬ ಹತ್ತಿದಾಗ ನಿಮ್ಮ ತಾರಸಿಯಿಂದ ತಂತಿಗೆ ಕರೆಂಟ್ ಹರಿದರೆ ಅವನ ಜೀವ ಹೋಗುತ್ತದೆ. ಬಿಲ್ಲು ಇಳಿಸಲು ಈ ಯೋಜನೆ ಬಹಳ ಒಳ್ಳೆಯದು. ಬ್ಯಾಕಪ್ ಬೇಕಾದರೆ ಬ್ಯಾಟರಿ ಸಹಿತ ಹೈಬ್ರಿಡ್ ಇನ್ವರ್ಟರ್ ಬೇಕು, ಅದರ ಖರ್ಚು ಬೇರೆಯೇ.

ಅಗ್ಗದ ದಾರಿ ಇನ್ನೊಂದಿದೆ. ನೂರು ವ್ಯಾಟಿನ ಒಂದು ಪ್ಯಾನೆಲ್, ಒಂದು ಬ್ಯಾಟರಿ, 12 ವೋಲ್ಟಿನ ನಾಲ್ಕು ಡಿಸಿ ಬಲ್ಬು, ಒಂದು ಡಿಸಿ ಫ್ಯಾನು. ಇನ್ವರ್ಟರ್ ಇಲ್ಲವಾದ್ದರಿಂದ ಅದರ ನಷ್ಟವೂ ಇಲ್ಲ. ಬಿಸಿಲಿರುವ ದಿನ ಸುಮಾರು 400 ವ್ಯಾಟ್-ಅವರ್ ಬರುತ್ತದೆ. 1995ರಲ್ಲಿ ಶುರುವಾದ ಸೋಲಾರ್ ಕಂಪನಿ ಸೆಲ್ಕೋ ಕರ್ನಾಟಕದ ಹಳ್ಳಿಗಳಿಗೆ ಮುಟ್ಟಿಸಿದ್ದು ಇಂಥ ಪುಟ್ಟ ವ್ಯವಸ್ಥೆಗಳನ್ನೇ, ಬ್ಯಾಂಕ್ ಸಾಲದ ಕಂತಿನ ಮೇಲೆ. ಅದನ್ನು ಕಟ್ಟಿದವರಲ್ಲೊಬ್ಬರಾದ ಹರೀಶ್ ಹಂದೆ ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಬಯಲುಸೀಮೆಯ ತೋಟದ ಮನೆಗಳಿಗೆ ಇವತ್ತಿಗೂ ನಾನು ಮೊದಲು ಹೇಳುವುದು ಇದನ್ನೇ. ಲೈನು ಬರಲಿ ಬಿಡಲಿ, ಬ್ಯಾಟರಿ ದಿನವೂ ತುಂಬುತ್ತದೆ.

ಮಲೆನಾಡಿಗೆ ಮಾತ್ರ ಈ ಸಲಹೆ ಹೊಂದದು. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯಂಥ ಕಡೆ ಕರೆಂಟ್ ಹೋಗುವ ತಿಂಗಳುಗಳೇ ಸೂರ್ಯ ಕಾಣದ ತಿಂಗಳುಗಳು. ಆದರೆ ಆಗ ಅಲ್ಲಿ ಹಳ್ಳ ತುಂಬಿ ಹರಿಯುತ್ತಿರುತ್ತದೆ. ಸೆಕೆಂಡಿಗೆ ಐದು ಲೀಟರ್ ನೀರನ್ನು ಪೈಪಿನಲ್ಲಿ ಇಪ್ಪತ್ತು ಮೀಟರ್ ಕೆಳಗೆ ಇಳಿಸಿದರೆ ಅದರಲ್ಲಿರುವ ಶಕ್ತಿ ಸುಮಾರು 980 ವ್ಯಾಟ್. ಅರ್ಧ ನಷ್ಟವಾದರೂ 490 ವ್ಯಾಟ್ ಕೈಗೆ ಸಿಗುತ್ತದೆ, ಹಗಲು ರಾತ್ರಿ ನಿಲ್ಲದೆ. ದಿನಕ್ಕೆ ಹನ್ನೊಂದು-ಹನ್ನೆರಡು ಯೂನಿಟ್ಟು! ಬ್ಯಾಟರಿಯ ಹಂಗೂ ಬೇಡ. ಪಶ್ಚಿಮಘಟ್ಟದ ಎಷ್ಟೋ ಒಂಟಿಮನೆಗಳು ಲೈನು ಬರುವ ಮುಂಚಿನಿಂದಲೂ ಇಂಥ ಪುಟ್ಟ ಟರ್ಬೈನಿನಲ್ಲಿ ಬೆಳಕು ಕಂಡಿವೆ. ತೋಟದ ಮೇಲ್ಭಾಗದಲ್ಲಿ ಜೂನಿನಿಂದ ಡಿಸೆಂಬರ್‌ವರೆಗೆ ಹರಿಯುವ ಹಳ್ಳವಿದ್ದವರು ಇನ್ನೊಂದು ಬ್ಯಾಟರಿ ಕೊಳ್ಳುವ ಮುನ್ನ ಬಕೆಟ್ ಹಿಡಿದು ನೀರು ಅಳೆಯಲಿ.

ಪೆಟ್ರೋಲ್ ಜನರೇಟರ್ ಕೊಳ್ಳಲು ಅಗ್ಗ, ನಡೆಸಲು ದುಬಾರಿ. ಸಣ್ಣ ಜನರೇಟರ್ ಒಂದು ಲೀಟರಿಗೆ ಒಂದೂವರೆ-ಎರಡು ಯೂನಿಟ್ ಕೊಟ್ಟರೆ ಹೆಚ್ಚು, ಯೂನಿಟ್ಟಿಗೆ ಐವತ್ತರಿಂದ ಎಪ್ಪತ್ತು ರೂಪಾಯಿ ಬೀಳುತ್ತದೆ. ರಾತ್ರಿಯಿಡೀ ಒಂದು ಬಲ್ಬಿಗಾಗಿ ಅದನ್ನು ಓಡಿಸುವುದು ದಂಡ. ಮೂರು ದಿನ ಕರೆಂಟಿಲ್ಲದ ಕಡೆ ದಿನಕ್ಕೆ ಎರಡು ಗಂಟೆ ಓಡಿಸಿ, ಆ ಹೊತ್ತಿನಲ್ಲೇ ಟ್ಯಾಂಕ್ ತುಂಬಿಸಿ, ಮಿಕ್ಸಿ ಆಡಿಸಿ, ಬ್ಯಾಟರಿ ಚಾರ್ಜ್ ಮಾಡಿಕೊಂಡರೆ ಬೆಲೆ ಬರುತ್ತದೆ. ಅದನ್ನು ಜಗಲಿಯಲ್ಲಿ, ಕೊಟ್ಟಿಗೆಯಲ್ಲಿ, ಕಿಟಕಿಯ ಪಕ್ಕದಲ್ಲಿ ಇಡಬೇಡಿ. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ನಿದ್ದೆಯಲ್ಲಿದ್ದವರು ಏಳುವುದೇ ಇಲ್ಲ. ಎರಡೂ ಕಡೆ ಪಿನ್ನಿರುವ ವೈರ್ ಮಾಡಿಕೊಂಡು ಜನರೇಟರಿನಿಂದ ಗೋಡೆಯ ಸಾಕೆಟ್ಟಿಗೆ ಕರೆಂಟ್ ಕೊಡುವ ಅಭ್ಯಾಸ ಕೆಲವೆಡೆ ಇದೆ. ಆ ಕರೆಂಟ್ ಹಿಂದಕ್ಕೆ ಹರಿದು ಟಿಸಿಯಲ್ಲಿ 11,000 ವೋಲ್ಟ್ ಆಗಿ ಲೈನಿಗೆ ಏರಬಲ್ಲದು, ಅದೇ ಲೈನಿನಲ್ಲಿ ನಿಮ್ಮ ಮನೆಗಾಗಿಯೇ ಒಬ್ಬ ಲೈನ್‌ಮನ್ ಮಳೆಯಲ್ಲಿ ಕೆಲಸ ಮಾಡುತ್ತಿರುತ್ತಾನೆ. ಲೈನು, ಜನರೇಟರ್ ಎರಡರಲ್ಲಿ ಒಂದು ಸಲಕ್ಕೆ ಒಂದನ್ನೇ ಜೋಡಿಸುವ ಚೇಂಜ್‌ಓವರ್ ಸ್ವಿಚ್ ಇಲ್ಲದೆ ಜನರೇಟರನ್ನು ಮನೆಯ ವೈರಿಂಗಿಗೆ ಜೋಡಿಸಲೇಬಾರದು.

ಇನ್ವರ್ಟರ್ ಇರುವ ಮನೆಯಲ್ಲಿ ಮೇನ್ ಸ್ವಿಚ್ ಇಳಿಸಿದರೂ ಅದರ ಲೈನು ಜೀವಂತವೇ ಇರುತ್ತದೆ. ರಿಪೇರಿಗೆ ಬಂದವರಿಗೆ ಇದನ್ನು ಬಾಯಿಬಿಟ್ಟು ಹೇಳಿ, ಇನ್ವರ್ಟರನ್ನೂ ಆರಿಸಿ. ಸತ್ತ ಬ್ಯಾಟರಿಯನ್ನು ಬೀದಿಯ ಗುಜರಿಯವರಿಗೆ ಕೊಡದೆ ಹೊಸದು ಕೊಳ್ಳುವ ಅಂಗಡಿಗೇ ಹಿಂದಿರುಗಿಸಿ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಅದನ್ನು ವಾಪಸ್ ಪಡೆಯುವ ಹೊಣೆ ತಯಾರಕರದ್ದು. ಹಳೆಯ ಟ್ಯೂಬುಲರಿಗೆ ಸೀಸದ ತೂಕದ ಮೇಲೆ ಒಳ್ಳೆಯ ಎಕ್ಸ್‌ಚೇಂಜ್ ಬೆಲೆಯೂ ಸಿಗುತ್ತದೆ. ಗುಜರಿಯಲ್ಲಿ ಅದನ್ನು ಒಡೆದು, ಆಸಿಡ್ ಚರಂಡಿಗೆ ಸುರಿದು, ಸೀಸವನ್ನು ಬಯಲಲ್ಲಿ ಕಾಯಿಸುತ್ತಾರೆ. ಆ ಹೊಗೆ ಸುತ್ತಲಿನ ಮಕ್ಕಳ ಮಿದುಳಿಗೆ ಮಾಡುವ ಹಾನಿ ಮತ್ತೆ ಸರಿಹೋಗುವಂಥದ್ದಲ್ಲ.